ದರ್ಜಿ ಪಿಲೊ ತೀರ್ಪು ವಸೂಲು ಮಾಡಿದ್ದು

ನಮ್ಮ ಬರಂಗಾಯಿನ, ಅಂದರೆ ನಮ್ಮ ಪುಟ್ಟ ಊರಿನ, ನಾನೂರು ಮನೆಗಳಲ್ಲಿ ಯಾರು ಏನು ಪಾಸಾದರೂ ಅವರ ಮುಖ ಬ್ಯಾನರಿನ ಮೇಲೆ ಬರುತ್ತದೆ. ನರ್ಸಿಂಗ್ ಮುಗಿಸಿದವಳು, ಹಡಗಿನ ಅಡುಗೆಮನೆಗೆ ಆಯ್ಕೆಯಾದವನು, ಪೊಲೀಸ್ ಪರೀಕ್ಷೆಗೆ ನಾಲ್ಕು ಸಲ ಕೂತು ಕೊನೆಗೂ ದಡ ಸೇರಿದವನು, ಎಲ್ಲರೂ ಎರಡು ಕಂಬಗಳ ನಡುವೆ ಹಲ್ಲು ಕಿರಿದುಕೊಂಡು ನೇತಾಡಿದ್ದಾರೆ. ನನ್ನ ತಂಗಿಯ ಗಂಡ ಪಿಲೊ ಮಾತ್ರ ನಲವತ್ತೊಂಬತ್ತು ವರ್ಷವಾದರೂ ಯಾವ ಕಂಬವನ್ನೂ ಕಂಡಿರಲಿಲ್ಲ. ಅವನು ದರ್ಜಿ. ಊರವರ ಬ್ಯಾನರುಗಳಿಗೆಲ್ಲ ಅಂಚು ಹೊಲಿದು ಕೊಟ್ಟವನು ಅವನೇ. ಅಂಥವನು ಒಂದು ಮೊಕದ್ದಮೆ ಗೆದ್ದರೆ ಸುಮ್ಮನೆ ಕೂರುತ್ತಾನೆಯೇ?

ಮೊಕದ್ದಮೆ ಗೋರ್ಯೊನ ಮೇಲೆ. ಗೋರ್ಯೊ ನಮ್ಮ ಬೀದಿಯ ತುದಿಯ ಅಂಗಡಿಕಾರ, ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಸಂಘಟಕ, ಹುಟ್ಟುಹಬ್ಬಗಳಿಗೆ ಕರೋಕೆ ಪೆಟ್ಟಿಗೆ ಬಾಡಿಗೆಗೆ ಕೊಡುವವನು. ಇವೆಲ್ಲಕ್ಕಿಂತ ಮುಖ್ಯವಾಗಿ ಪಿಲೊನ ಮಗಳ ಜ್ಞಾನಸ್ನಾನದಲ್ಲಿ ನಿಂತ ಧರ್ಮತಂದೆ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು 'ಪಾರೆ' ಎನ್ನುತ್ತಾರೆ, ಅವರ ಹೆಂಡಂದಿರು 'ಮಾರೆ' ಎನ್ನುತ್ತಾರೆ. ಈ ನಂಟು ರಕ್ತದ್ದಲ್ಲ, ಆದರೆ ರಕ್ತದ್ದಕ್ಕಿಂತ ಕಷ್ಟದ್ದು, ಯಾಕೆಂದರೆ ಪಾರೆಯ ಹತ್ತಿರ ದುಡ್ಡು ಕೇಳಲು ನಾಲಿಗೆ ಏಳುವುದಿಲ್ಲ. ಎರಡು ವರ್ಷದ ಹಿಂದೆ ಗೋರ್ಯೊ ಆರು ತಂಡಗಳಿಗೆ ಎಪ್ಪತ್ತೆರಡು ಜೊತೆ ಜೆರ್ಸಿ ಹೊಲಿಸಿಕೊಂಡ, ಎಲ್ಲದರ ಬೆನ್ನ ಮೇಲೂ ತನ್ನ ಅಂಗಡಿಯ ಹೆಸರು ಹಾಕಿಸಿದ. ದುಡ್ಡು ಊರ ಹಬ್ಬ ಆದ ಮೇಲೆ ಎಂದ. ಯಾವ ವರ್ಷದ ಹಬ್ಬ ಎಂದು ಹೇಳಲಿಲ್ಲ. ಅಷ್ಟು ಬಟ್ಟೆ ಸಾಲಕ್ಕೆ ತಂದು ಹೊಲಿದ ಪಿಲೊ ಆ ಸಾಲ ತೀರಿಸಲು ತನ್ನ ಓವರ್‌ಲಾಕ್ ಯಂತ್ರವನ್ನು ಅಡವಿಟ್ಟ. ಅಂಚು ಬಿಡದಂತೆ ಹೊಲಿಯುವ ಯಂತ್ರ ಅದು, ನಮ್ಮ ಬರಂಗಾಯಿನಲ್ಲಿ ಇದ್ದದ್ದು ಅದೊಂದೇ.

ಎರಡು ವರ್ಷ ಬಡ್ಡಿ ಕಟ್ಟಿ ಮುಂದೂಡುತ್ತ ಬಂದ. ಈ ವರ್ಷದ ಶುರುವಿನಲ್ಲಿ ಅಡವಿನಂಗಡಿಯವರು ಇನ್ನು ಮುಂದೂಡುವುದಿಲ್ಲ, ಮೇ ತಿಂಗಳ ಹಬ್ಬದ ಹಿಂದಿನ ಶನಿವಾರದೊಳಗೆ ಬಿಡಿಸಿಕೊಳ್ಳದಿದ್ದರೆ ಹರಾಜು ಎಂದು ಚೀಟಿ ಕಳಿಸಿದರು. ಜೂನಿನಲ್ಲಿ ಶಾಲೆ ಶುರುವಾಗುತ್ತದೆ. ಆ ಯಂತ್ರವಿಲ್ಲದಿದ್ದರೆ ಸಮವಸ್ತ್ರದ ಕೆಲಸವೆಲ್ಲ ಈ ವರ್ಷವೂ ಪಕ್ಕದೂರಿಗೆ ಹೋಗುತ್ತದೆ, ಪಿಲೊ ಕಿತ್ತುಹೋದ ಗುಂಡಿ ಹಾಕಿಕೊಂಡು ಬದುಕಬೇಕಾಗುತ್ತದೆ.

ಕೋರ್ಟಿಗೆ ಹೋಗುವ ಮೊದಲು ಬರಂಗಾಯ್ ಕಚೇರಿಯಲ್ಲಿ ರಾಜಿಗೆ ಕೂರಬೇಕೆಂದು ನಿಯಮ. ಮೂರು ಸಲ ಕೂತರು. ಮೂರು ಸಲವೂ ಗೋರ್ಯೊ ದೊಡ್ಡ ತಟ್ಟೆ ತುಂಬ ಹುರಿದ ಶಾವಿಗೆ ತಂದ. ಕ್ಯಾಪ್ಟನ್ ಓಫೆಲಿಯಾ ಅವರು, ಅಂದರೆ ನಮ್ಮ ಬರಂಗಾಯಿನ ಮುಖ್ಯಸ್ಥೆ, ಹೊಟ್ಟೆ ತುಂಬಿದ ಮೇಲೆ ಜಗಳದ ಮಾತು ಬೇಡ ಎಂದು ಮೂರು ಸಲವೂ ಸಭೆ ಮುಗಿಸಿದರು. ಪಿಲೊ ಕೂಡ ಎರಡೆರಡು ಸಲ ಬಡಿಸಿಕೊಂಡ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಕಡೆಗೆ ಸಣ್ಣ ಮೊಕದ್ದಮೆಗಳ ಕೋರ್ಟು. ಅಲ್ಲಿ ವಕೀಲರಿಲ್ಲ, ಒಂದೇ ದಿನದ ವಿಚಾರಣೆ. ನ್ಯಾಯಾಧೀಶೆ ಗೋರ್ಯೊನಿಗೆ ಜೆರ್ಸಿ ಬಂತಾ ಎಂದು ಕೇಳಿದರು, ಬಂತು ಎಂದ. ದುಡ್ಡು ಕೊಟ್ಟಿರಾ ಎಂದರು, ಕೊಡುವ ಮನಸ್ಸಿದೆ ಎಂದ. ಮನಸ್ಸನ್ನು ದಾಖಲೆಗೆ ತೆಗೆದುಕೊಳ್ಳಲಾಗುವುದಿಲ್ಲ ಎಂದು ಹೇಳಿ ಮೂವತ್ತೆಂಟು ಸಾವಿರ ಪೆಸೊ ಕೊಡಬೇಕೆಂದು ತೀರ್ಪಿತ್ತರು. ಪಿಲೊ ಅವತ್ತು ಅಕ್ಕಿಯ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದ. ತೀರ್ಪಿನ ಕಾಗದ ಹಿಡಿದು ನೇರವಾಗಿ ಕೋರ್ಟಿನ ಕ್ಯಾಷಿಯರ್ ಕಿಟಕಿಗೆ ಹೋಗಿ ಚೀಲದ ಬಾಯಿ ಬಿಡಿಸಿ ನಿಂತ. ನಾನು ಅವನ ಹಿಂದೆ ನಿಂತಿದ್ದೆ, ಸತ್ಯವಾಗಿ ಹೇಳಬೇಕೆಂದರೆ ನಾನೂ ದುಡ್ಡು ಬರುತ್ತದೆ ಎಂದೇ ತಿಳಿದಿದ್ದೆ.

ಕಿಟಕಿಯ ಹೆಂಗಸು ಬಹಳ ತಾಳ್ಮೆಯಿಂದ ವಿವರಿಸಿದಳು. ಕೋರ್ಟು ದುಡ್ಡು ಕೊಡುವುದಿಲ್ಲ, ಕೊಡು ಎಂದು ಹೇಳುತ್ತದೆ ಅಷ್ಟೆ. ಸೋತವನು ಕೊಡದಿದ್ದರೆ ಜಾರಿ ಮಾಡಿಸಿ ಎಂದು ಅರ್ಜಿ ಹಾಕಬೇಕು, ಆಮೇಲೆ ಶೆರಿಫರು ಬಂದು ವಸೂಲು ಮಾಡುತ್ತಾರೆ, ಅವರ ಓಡಾಟದ ಖರ್ಚು ಮುಂಗಡವಾಗಿ ಇದೇ ಕಿಟಕಿಯಲ್ಲಿ ಕಟ್ಟಬೇಕು.

"ಅಂದ್ರೆ ಗೆದ್ದೋನೂ ದುಡ್ಡು ಕೊಡ್ಬೇಕಾ ಅಕ್ಕ?" ಎಂದ ಪಿಲೊ.

"ಗೆದ್ದೋರೇ ಅಲ್ವಾ ಕೊಡೋದು. ಸೋತೋರು ಈ ಕಡೆ ತಲೇನೂ ಹಾಕಲ್ಲ" ಎಂದಳು ಅವಳು.

ಪಿಲೊ ಕಟ್ಟಿದ. ಶೆರಿಫ್ ಎಂಬ ಶಬ್ದವೊಂದೇ ಅವನಿಗೆ ಸಾಕಾಗಿತ್ತು. ಸಿನಿಮಾದಲ್ಲಿ ನೋಡಿದ ಶೆರಿಫರೆಲ್ಲ ಅವನ ಕಣ್ಣ ಮುಂದೆ ಬಂದರು. ಎದೆಯ ಮೇಲೆ ನಕ್ಷತ್ರ, ಸೊಂಟದ ಎರಡೂ ಕಡೆ ಪಿಸ್ತೂಲು, ಕೆಳಗೊಂದು ಕುದುರೆ. ಕುದುರೆಗೆ ನಮ್ಮ ಬೀದಿಯಲ್ಲಿ ಎಲ್ಲಿ ಹುಲ್ಲು ಸಿಗುತ್ತದೆ ಎಂದು ನನ್ನನ್ನು ಕೇಳಿದ. ತಮಾಷೆಗೆ ಕೇಳುತ್ತಿದ್ದಾನೆ ಎಂದುಕೊಂಡೆ, ಆದರೆ ಅವನು ನಗಲಿಲ್ಲ.

ಹಬ್ಬದ ವಾರದ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇವೆ ಎಂದು ಕೋರ್ಟಿನಿಂದ ಹೇಳಿಕಳಿಸಿದ್ದು ಸೋಮವಾರ. ಮಂಗಳವಾರ ಬ್ಯಾನರ್ ಏರಿತು. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಎಡಗಡೆ ಪಿಲೊ, ಯಾರದೋ ಮದುವೆಗೆ ಹೊಲಿದಿಟ್ಟ ಕಸೂತಿ ಅಂಗಿ ಹಾಕಿಕೊಂಡು ಎದೆ ಉಬ್ಬಿಸಿದ್ದ. ಬಲಗಡೆ ಕೋರ್ಟಿನ ಕಟ್ಟಡ. ನಡುವೆ "ಮೊಕದ್ದಮೆಯಲ್ಲಿ ಜಯಶಾಲಿಯಾದ ಶ್ರೀ ತೆಯೋಫಿಲೊ ಮಗ್ಸಿನೊ ಅವರಿಗೆ ಅಭಿನಂದನೆ". ಶುಭ ಕೋರುವವರ ಪಟ್ಟಿಯಲ್ಲಿ ನನ್ನ ಹೆಸರು ಮೊದಲು ಇತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಇಷ್ಟಾದರೂ ಪರವಾಗಿರಲಿಲ್ಲ. ಕೆಳಗೆ ಕೆಂಪು ಅಕ್ಷರದಲ್ಲಿ, "ಮಾನ್ಯ ಶೆರಿಫರ ಆಗಮನ: ಗುರುವಾರ ಬೆಳಿಗ್ಗೆ 9. ಸರ್ವರಿಗೂ ಸ್ವಾಗತ" ಎಂದು ಹಾಕಿಸಿದ್ದ. ಎರಡು ಕಂಬ ಸರಿಯಾದ ಅಂತರದಲ್ಲಿ ಇದ್ದದ್ದು ಗೋರ್ಯೊನ ಅಂಗಡಿಯ ಎದುರಿಗೇ. ಅಲ್ಲೇ ಕಟ್ಟಿದ.

ಗೋರ್ಯೊ ಹಲ್ಲುಜ್ಜುತ್ತ ಹೊರಗೆ ಬಂದವನು ಬ್ಯಾನರನ್ನು ಮೇಲಿಂದ ಕೆಳಗಿನ ತನಕ ಓದಿದ. ಕೆಂಪು ಸಾಲನ್ನು ಎರಡು ಸಲ ಓದಿದ. ಆಮೇಲೆ ಪಿಲೊನ ಭುಜ ತಟ್ಟಿ, ಪ್ರಿಂಟು ಬಹಳ ಚೆನ್ನಾಗಿ ಬಂದಿದೆ ಪಾರೆ, ಮುಖದಲ್ಲಿ ಒಂದು ಕಳೆ ಇದೆ ಎಂದು ಹೊಗಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಪಿಲೊನಿಗೆ ಬಹಳ ಸಂತೋಷವಾಯಿತು. ನೋಡಿ ಭಾವ, ಹೆದರಿಬಿಟ್ಟ ಎಂದ ನನ್ನ ಹತ್ತಿರ.

ಬುಧವಾರ ಬೆಳಗಿನಿಂದ ಗೋರ್ಯೊನ ಮನೆಯ ಸಾಮಾನು ಹೊರಡಲು ಶುರುವಾಯಿತು. ಸೋಫಾ ಪ್ರಾರ್ಥನಾ ಮಂದಿರಕ್ಕೆ ಹೋಯಿತು. ಟೀವಿ ಕ್ಯಾಪ್ಟನ್ ಓಫೆಲಿಯಾ ಅವರ ಮನೆಗೆ ಹೋಯಿತು, ರಿಪೇರಿಗೆ ಎಂದು. ಕ್ಯಾಪ್ಟನ್‌ಗೆ ಟೀವಿ ರಿಪೇರಿ ಬರುತ್ತದೆ ಎಂದು ಅವತ್ತಿನ ತನಕ ಯಾರಿಗೂ ಗೊತ್ತಿರಲಿಲ್ಲ. ಕರೋಕೆ ಪೆಟ್ಟಿಗೆ ಮೀನುಗಾರರ ಸಂಘಕ್ಕೆ ಹೋಯಿತು. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದರೆ ಹೊತ್ತದ್ದು ನನ್ನ ಟ್ರೈಸಿಕಲ್. ಬೈಕಿಗೆ ಪಕ್ಕದ ಡಬ್ಬಿ ಕಟ್ಟಿಕೊಂಡು ಬದುಕುವವನು ನಾನು, ಬಾಡಿಗೆ ಕೊಟ್ಟವರ ಸಾಮಾನು ಯಾಕೆ ಹೋಗುತ್ತಿದೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಕೊನೆಯ ಸಾಮಾನು ಫ್ರೀಜರ್. ಐಸ್‌ಕ್ರೀಮ್ ಅಂಗಡಿಯಲ್ಲಿ ಇರುತ್ತದಲ್ಲ, ಉದ್ದಕ್ಕೆ ಮಲಗಿದಂಥದ್ದು. ಅದರೊಳಗೆ ಆಗ ತಾನೆ ಕಡಿದ ಎರಡು ಹಂದಿಗಳ ಮಾಂಸ ಇತ್ತು, ಯಾಕೆಂದರೆ ಈ ವರ್ಷದ ಹಬ್ಬದ ಯಜಮಾನ ಗೋರ್ಯೊ. ಭಾನುವಾರ ಇಡೀ ಬರಂಗಾಯಿಗೆ ಊಟ ಹಾಕುವ ಭಾರ ಅವನದು. ಅವನ ಹೆಂಡತಿ ಸೆಲ್ಯಾ ಪಕ್ಕದಲ್ಲಿ ಕೂತು ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದು ಹೇಳುತ್ತ ಹೇಳುತ್ತ ನಿಲ್ಲಿಸಿದ್ದು ನನ್ನ ತಂಗಿಯ ಮನೆಯ ಮುಂದೆ. ಪಿಲೊ ಆಗ ಶೆರಿಫರಿಗೆ ಹಾಕಲು ಹೂವಿನ ಹಾರ ತರಲು ಪೇಟೆಗೆ ಹೋಗಿದ್ದ.

"ಮಾರೆ, ಎಲ್ಲರ ಮನೇನೂ ತುಂಬೋಯ್ತು" ಎಂದು ಸೆಲ್ಯಾ ನನ್ನ ತಂಗಿ ಪೂರಿಂಗಳ ಕೈ ಹಿಡಿದುಕೊಂಡಳು. "ಗಂಡಸ್ರ ಜಗಳ ಗಂಡಸ್ರಿಗೆ. ಹಬ್ಬದ ಮಾಂಸ ಹಾಳಾದ್ರೆ ಊರಿಗೆ ಏನಂತ ಮುಖ ತೋರಿಸ್ಲಿ? ಭಾನುವಾರದ ತನಕ ಇಟ್ಕೋ. ನಿನ್ ಮನೇಲಿ ಯಾರೂ ಹುಡುಕಲ್ಲ."

ನನ್ನ ತಂಗಿ ಒಳ್ಳೆಯವಳು. ಕೈ ಹಿಡಿದುಕೊಂಡು ಕೇಳಿದ ಮಾರೆಗೆ ಇಲ್ಲ ಎನ್ನುವುದು ಅವಳ ಕೈಲಾಗಲಿಲ್ಲ. ಇಬ್ಬರೂ ಸೇರಿ ಫ್ರೀಜರನ್ನು ಮೂಲೆಗೆ ತಳ್ಳಿ, ಮೇಲೆ ಕಸೂತಿಯ ಬಿಳಿ ಬಟ್ಟೆ ಹೊದಿಸಿ, ಬಾಲಯೇಸುವಿನ ಪ್ರತಿಮೆ ಇಟ್ಟು, ಎರಡು ಮೇಣದ ಬತ್ತಿ ಹಚ್ಚಿದರು. ಹಳೆಯ ಪೂಜಾ ಮೇಜಿಗೆ ಗೆದ್ದಲು ಹಿಡಿದಿತ್ತು ಎಂದು ಗಂಡನಿಗೆ ಹೇಳುವುದೆಂದು ತೀರ್ಮಾನವಾಯಿತು. ಬಾಯಿ ಬಿಟ್ಟರೆ ಜೋಕೆ ಎಂದು ಪೂರಿಂಗ್ ನನ್ನ ಕಡೆ ಬೆರಳು ಮಾಡಿದಳು. ನಾನು ಅರುವತ್ತು ಪೆಸೊ ಬಾಡಿಗೆ ತೆಗೆದುಕೊಂಡು ಹೊರಟೆ.

ಪಿಲೊ ಬಂದವನು ಹೊಸ ಪೂಜಾಸ್ಥಾನ ಭವ್ಯವಾಗಿದೆ ಎಂದ. ಮಾರನೆಯ ದಿನ, ಗುರುವಾರ, ಬೆಳಿಗ್ಗೆ ಎಂಟಕ್ಕೆ ನಾನು ಅವನನ್ನು ಕರೆದುಕೊಂಡು ಹೋಗಲು ಬಂದಾಗ ಅದರ ಮುಂದೆ ಮಂಡಿಯೂರಿ ಕೂತಿದ್ದ. ನೆರೆಹೊರೆಯವರು ಗೋರ್ಯೊನ ಸಾಮಾನು ಎಲ್ಲೆಲ್ಲೋ ಸಾಗಿದೆ ಎಂದು ಅವನ ಕಿವಿಗೆ ಹಾಕಿದ್ದರು, ಎಲ್ಲಿ ಎಂದು ಮಾತ್ರ ಯಾರೂ ಹೇಳಿರಲಿಲ್ಲ. "ಸ್ವಾಮಿ, ಗೋರ್ಯೊ ತನ್ನ ಆಸ್ತಿ ಎಲ್ಲಿ ಬಚ್ಚಿಟ್ಟಿದಾನೆ, ನೀನೇ ತೋರಿಸ್ಬೇಕು" ಎಂದು ಕೈ ಮುಗಿದ. ಸರಿಯಾಗಿ ಆಗಲೇ ಬಿಳಿ ಬಟ್ಟೆಯ ಕೆಳಗೆ ಮೋಟಾರು ಗುಂಯ್ ಎಂದು ಶುರುವಾಗಿ, ಬಾಲಯೇಸುವಿನ ಕಿರೀಟ ಸಣ್ಣಗೆ ನಡುಗಿತು. ಪಿಲೊನ ಕಣ್ಣಲ್ಲಿ ನೀರು ಬಂತು. ದೇವರು ಕೇಳಿಸ್ಕೊಂಡ ಭಾವ, ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ. ಪೂರಿಂಗ್ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ಅವಳ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಶೆರಿಫ್ ಕತಿಗ್ಬಾಕ್ ಅವರನ್ನು ಕರೆತಂದದ್ದೂ ನನ್ನ ಟ್ರೈಸಿಕಲ್ಲೇ. ಪೇಟೆಯ ಸ್ಟಾಂಡಿನಲ್ಲಿ ಒಬ್ಬ ತೆಳ್ಳಗಿನ ಮನುಷ್ಯ ಕೊಡೆ ಬಿಡಿಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದು ನಿಂತಿದ್ದ. ಪಿಲೊ ಹೂವಿನ ಹಾರ ಹಿಡಿದು ಆ ಮನುಷ್ಯನನ್ನು ದಾಟಿ ಹೋಗಿ ಕುದುರೆಯ ದಾರಿ ನೋಡುತ್ತ ನಿಂತ. ಇವರೇ ಶೆರಿಫರು ಎಂದು ನಾನೇ ಕರೆದು ತೋರಿಸಬೇಕಾಯಿತು. ಹಾರ ಹಾಕಲು ಹೋದರೆ ಶೆರಿಫರು ಒಂದು ಹೆಜ್ಜೆ ಹಿಂದೆ ಸರಿದು, ಕಕ್ಷಿದಾರರಿಂದ ಒಂದು ಹೂವನ್ನೂ ತೆಗೆದುಕೊಳ್ಳುವಂತಿಲ್ಲ ಎಂದರು. ಇಳಿಯುವಾಗ ಬಾಡಿಗೆಗೆ ರಸೀದಿ ಕೇಳಿದರು. ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಯಾರೂ ರಸೀದಿ ಕೇಳಿರಲಿಲ್ಲ. ಲಾಟರಿ ಚೀಟಿಯ ಹಿಂದೆ ಬರೆದು ರುಜು ಹಾಕಿ ಕೊಟ್ಟೆ, ಅವರು ಅದನ್ನು ಎರಡು ಸಲ ಓದಿ ಚೀಲದೊಳಗೆ ಇಟ್ಟುಕೊಂಡರು. ಅವತ್ತು ನನ್ನ ವೃತ್ತಿಯ ಬಗ್ಗೆ ನನಗೆ ಮೊದಲ ಬಾರಿಗೆ ಗೌರವ ಮೂಡಿತು.

ಬ್ಯಾನರ್ ನೋಡಿ ಬಂದ ಜನ ಬೀದಿ ತುಂಬ ಇದ್ದರು. ಬಾಳೆಹಣ್ಣು ಸಕ್ಕರೆಯಲ್ಲಿ ಹುರಿದು ಕಡ್ಡಿಗೆ ಚುಚ್ಚಿ ಮಾರುವವಳು ಅಂಗಡಿ ಹೂಡಿದ್ದಳು. ಕ್ಯಾಪ್ಟನ್ ಓಫೆಲಿಯಾ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಶೆರಿಫರು ತಲೆ ಎತ್ತಿ ಬ್ಯಾನರ್ ಓದಿದರು, ಕೆಂಪು ಸಾಲಿಗೆ ಬಂದಾಗ ಅವರ ತುಟಿ ಅಲುಗಿತು. ಪಿಲೊನನ್ನು ಹತ್ತಿರ ಕರೆದು, "ನಾನು ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ನಾನು ಬರೋದನ್ನ ಬಣ್ಣದಲ್ಲಿ ಪ್ರಿಂಟ್ ಹಾಕ್ಸಿದ್ದು ನೀವೇ ಮೊದಲು" ಎಂದರು. ಪಿಲೊ ಅದು ಹೊಗಳಿಕೆ ಎಂದು ತಿಳಿದು ಬಗ್ಗಿ ವಂದಿಸಿದ.

ಗೋರ್ಯೊನ ಮನೆ ತೆರೆದೇ ಇತ್ತು. ಒಳಗೆ ಗೋಡೆ ಮತ್ತು ಗೋರ್ಯೊ, ಅಷ್ಟೆ. ನೆಲದ ಮೇಲೆ ಕಾಲು ಮಡಚಿ ಕೂತು ಅನ್ನಕ್ಕೆ ಒಣಮೀನು ನೆಂಚಿಕೊಂಡು ತಿನ್ನುತ್ತಿದ್ದ. ಬನ್ನಿ ಸಾಹೇಬ್ರೆ, ಊಟ ಮಾಡೋಣ ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದ. ಶೆರಿಫರು ಊಟ ಬೇಡ ಎಂದು ಆಜ್ಞೆ ಓದಿ ಹೇಳಿ ಮೂವತ್ತೆಂಟು ಸಾವಿರ ಕೇಳಿದರು. ಗೋರ್ಯೊ ಖಾಲಿ ಗೋಡೆಯ ಕಡೆ ಕೈ ತೋರಿಸಿದ. ಅಂಗಡಿ ಎಂದರು. ವ್ಯಾಪಾರ ನಿಲ್ಲಿಸಿಬಿಟ್ಟೆ, ಈಗ ನನಗೆ ಯಾವ ಕಸುಬೂ ಇಲ್ಲ ಎಂದ. ಅವರು ಅದನ್ನು ಬರೆದುಕೊಂಡರು. ಹಾಗಾದರೆ ಈ ಮನೆಯಲ್ಲಿ ಇಲ್ಲದ ಆಸ್ತಿ ಬೇರೆಲ್ಲಾದರೂ ಇದೆಯಾ ಎಂದರು. ಒಂದು ಸೂಜಿಯೂ ಇಲ್ಲ ಎಂದ ಗೋರ್ಯೊ. ಅದನ್ನೂ ಬರೆದುಕೊಂಡರು.

ಪಿಲೊ ತಡೆಯಲಾರದೆ ಅವನ ಅಂಗಿ ಬಿಚ್ಚಿಸಿಕೊಳ್ಳಿ ಎಂದ. ಉಡುವ ಬಟ್ಟೆ ಮುಟ್ಟುವಂತಿಲ್ಲ ಎಂದರು ಶೆರಿಫರು. ಆ ಮಡಕೆ ಎಂದ. ಅಡುಗೆ ಪಾತ್ರೆಗೆ ವಿನಾಯಿತಿ ಇದೆ. ಅಕ್ಕಿ? ನಾಲ್ಕು ತಿಂಗಳ ದಿನಸಿಗೆ ವಿನಾಯಿತಿ. ಮೂರು ಎಮ್ಮೆಯ ತನಕ ವಿನಾಯಿತಿ, ಹೆಸರು ಕೆತ್ತಿದ ಗೋರಿಕಲ್ಲಿಗೂ ವಿನಾಯಿತಿ ಎಂದು ಅವರೇ ಪಟ್ಟಿ ಮುಂದುವರಿಸಿದರು.

"ಗೋರಿಕಲ್ಲು ಯಾಕೆ ಬಿಡ್ಬೇಕು ಸಾಹೇಬ್ರೆ?"

"ಕೇಳೋರು ಇರಲ್ಲ ಅಂತ ಇರಬೇಕು. ಕಾನೂನಲ್ಲಿ ಹಾಗೆ ಇದೆ."

ನೆರೆಮನೆಗಳನ್ನು ಹುಡುಕಿ ಎಂದು ಪಿಲೊ ಬೇಡಿಕೊಂಡ. ಸುಮ್ಮನೆ ಅನುಮಾನದ ಮೇಲೆ ಬೇರೆಯವರ ಮನೆಗೆ ನುಗ್ಗಲಾಗುವುದಿಲ್ಲ, ಇಂಥ ಮನೆಯಲ್ಲಿ ಇಂಥ ವಸ್ತು ಎಂದು ಯಾರಾದರೂ ಹೇಳಬೇಕು ಎಂದರು. ಪಿಲೊ ಜನರ ಕಡೆ ತಿರುಗಿದ. ಜನ ಬ್ಯಾನರಿನ ಕಡೆ ತಿರುಗಿದರು. ಕ್ಯಾಪ್ಟನ್ ಓಫೆಲಿಯಾ ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದರು. ನಾನು ಟ್ರೈಸಿಕಲ್ಲಿನ ಚೈನು ಸಡಿಲವಾಗಿದೆಯೇ ಎಂದು ಬಗ್ಗಿ ನೋಡಿದೆ. ನನಗೆ ನಾಚಿಕೆಯಾಗಿತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಶೆರಿಫರು 'ಜಪ್ತಿಗೆ ಯೋಗ್ಯವಾದ ಆಸ್ತಿ ಕಾಣಲಿಲ್ಲ' ಎಂದು ವರದಿ ಬರೆಯಲು ನೆರಳು ಕೇಳಿದರು. ಹತ್ತಿರದ ನೆರಳು ಪಿಲೊನ ಮನೆಯದು. ಅವನು ಒಳಗೆ ಬಂದು ಖಾಲಿ ಹೊಲಿಗೆ ಮೇಜಿನ ಮುಂದೆ ಕೂತ, ಓವರ್‌ಲಾಕ್ ಇದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಆ ಕಲೆಯನ್ನು ಬೆರಳಲ್ಲಿ ಉಜ್ಜುತ್ತ, ಇನ್ನೆರಡು ದಿನ ಭಾವ, ಅಷ್ಟೆ ಎಂದ. ಅಷ್ಟು ದೊಡ್ಡ ಬ್ಯಾನರ್ ಹಾಕಿಸಿದವನು ಅಷ್ಟು ಸಣ್ಣಗೆ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಪೂರಿಂಗ್ ಅವನನ್ನು ನೋಡಿದಳು, ಬಾಲಯೇಸುವನ್ನು ನೋಡಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಮಾರೆಗೆ ಕೊಟ್ಟ ಮಾತು ಒಂದು ಕಡೆ, ಗಂಡ ಒಂದು ಕಡೆ. ಅಂಥ ಹಿಂಸೆ ಯಾವ ಹೆಂಗಸಿಗೂ ಬೇಡ.

ಸಮಯಕ್ಕೆ ಸರಿಯಾಗಿ ಕರೆಂಟು ಹೋಯಿತು. ಮೇ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಹೋಗುವುದು ಸುದ್ದಿಯಲ್ಲ. ಶೆರಿಫರು ಕೊಡೆಯಿಂದಲೇ ಗಾಳಿ ಹಾಕಿಕೊಳ್ಳುತ್ತ ಬರೆಯುತ್ತಿದ್ದರು. ಅವರ ವರದಿ ಮೂರು ಪ್ರತಿ, ಪ್ರತಿಯೊಂದರಲ್ಲೂ ನನ್ನ ರಸೀದಿಯ ಉಲ್ಲೇಖ ಇತ್ತು. ಮೂರನೆಯ ಪ್ರತಿ ಮುಗಿಯುವ ಹೊತ್ತಿಗೆ ಕರೆಂಟು ಹೋಗಿ ಎರಡು ತಾಸು ದಾಟಿತ್ತು. ಹಳೆಯ ಫ್ರೀಜರ್, ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ, ಮಾಂಸ ಇನ್ನೂ ಪೂರ್ತಿ ಹೆಪ್ಪುಗಟ್ಟಿರಲಿಲ್ಲ. ಬಿಳಿ ಬಟ್ಟೆಯ ಅಂಚಿನಿಂದ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ತೆಳು ಕೆಂಪು ಬಣ್ಣದ ನೀರು ಬಾಲಯೇಸುವಿನ ಪಾದದ ಕೆಳಗಿನಿಂದ ನೆಲಕ್ಕೆ ಇಳಿಯತೊಡಗಿತು.

ಪಿಲೊ ಮೊದಲು ನೋಡಿದ. ಎದ್ದು ನಿಂತ. ನಿಂತವನು ಮಂಡಿಯೂರಿದ. "ನನ್ನ ಕಷ್ಟಕ್ಕೆ ದೇವರು ರಕ್ತದ ಕಣ್ಣೀರು ಹಾಕ್ತಿದಾನೆ" ಎಂದು ಕೂಗಿದ ದನಿ ಬೀದಿಯ ಎರಡೂ ತುದಿಗೆ ಕೇಳಿಸಿತು.

ಐದು ನಿಮಿಷದಲ್ಲಿ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಜಪಸರ ತಂದರು. ಬಾಳೆಹಣ್ಣಿನವಳು ಬಾಣಲೆ ಬಿಟ್ಟು ಬಂದಳು. ಮೀನುಗಾರರ ಸಂಘದ ಅಧ್ಯಕ್ಷ ಟೋಪಿ ತೆಗೆದು, ತಾನು ಕರೋಕೆ ಪೆಟ್ಟಿಗೆ ಬಚ್ಚಿಟ್ಟ ಪಾಪಿ ಎಂದು ಎದೆ ಬಡಿದುಕೊಂಡ. ಅದನ್ನು ಕೇಳಿ ಕ್ಯಾಪ್ಟನ್ ಓಫೆಲಿಯಾ ಅವರೂ ಕಣ್ಣು ಮುಚ್ಚಿ ಟೀವಿಯ ವಿಷಯ ನಿವೇದಿಸಿಕೊಂಡರು, ಅದೂ ಬಣ್ಣದ್ದು, ನಲವತ್ತೆರಡು ಇಂಚು ಎಂಬ ವಿವರದೊಂದಿಗೆ. ಶೆರಿಫರು ಹೊಸ ಹಾಳೆ ತೆಗೆದು ಬರೆದುಕೊಳ್ಳುತ್ತ ಹೋದರು. ನನಗೂ ಏನಾಯಿತೋ, ಹೊತ್ತದ್ದೆಲ್ಲ ನಾನೇ ಎಂದು ಹೇಳಿಬಿಟ್ಟೆ. ರಸೀದಿ ಇದೆಯಾ ಎಂದರು ಅವರು.

ಅಷ್ಟರಲ್ಲಿ ಗೋರ್ಯೊ ಜನರನ್ನು ಸೀಳಿಕೊಂಡು ಬಂದ, ಹಿಂದೆ ಸೆಲ್ಯಾ. ಅವನು ದೇವರ ಮುಖ ನೋಡಲಿಲ್ಲ, ನೆಲ ನೋಡಿದ. ಕೆಂಪು ನೀರು ನೋಡಿದ.

"ಅಯ್ಯೋ, ನನ್ನ ಹಂದಿ ಮಾಂಸ ಕರಗ್ತಿದೆ" ಎಂದ.

ಜಪ ನಿಂತಿತು. ಪಿಲೊ ಮಂಡಿಯ ಮೇಲೆಯೇ ತಿರುಗಿ ಗೋರ್ಯೊನನ್ನು ನೋಡಿದ, ಆಮೇಲೆ ಹೆಂಡತಿಯನ್ನು, ಆಮೇಲೆ ನನ್ನನ್ನು. ಪೂರಿಂಗ್ ಬಂದು ಪ್ರತಿಮೆಯನ್ನು ಎತ್ತಿ ಎದೆಗೆ ಅವುಚಿಕೊಂಡು, ಬಿಳಿ ಬಟ್ಟೆಯನ್ನು ಒಂದೇ ಸಲಕ್ಕೆ ಎಳೆದಳು. ಬಟ್ಟೆಯ ಕೆಳಗೆ ಗೋರ್ಯೊನ ಅಂಗಡಿಯ ಹೆಸರು ಬರೆದ ಫ್ರೀಜರ್.

"ಇದು ಯಾರದು?" ಎಂದರು ಶೆರಿಫರು.

"ನಂದು" ಎಂದ ಗೋರ್ಯೊ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಕಸುಬಿನ ಸಲಕರಣೆ, ಇದಕ್ಕೆ ವಿನಾಯಿತಿ ಇದೆ ಎಂದು ಸೇರಿಸಿದ. ಶೆರಿಫರು ಹಿಂದಿನ ಹಾಳೆ ತಿರುವಿ, ಯಾವ ಕಸುಬೂ ಇಲ್ಲ ಎಂದು ಬೆಳಿಗ್ಗೆ ಹೇಳಿದ್ದನ್ನು ಓದಿದರು. ಹಾಗಾದರೆ ಮಾಂಸ ನಾಲ್ಕು ತಿಂಗಳ ದಿನಸಿ ಎಂದ ಗೋರ್ಯೊ.

"ಕರೆಂಟಿಲ್ಲದೆ ಇದು ನಾಲ್ಕು ಗಂಟೆ ಉಳಿಯಲ್ಲ" ಎಂದರು ಅವರು. ಫ್ರೀಜರ್ ಜಪ್ತಿ, ಮಾಂಸ ಜಪ್ತಿ, ಬೇಗ ಕೆಡುವ ಮಾಲು ಆದ್ದರಿಂದ ಮಾಂಸವನ್ನು ಇವತ್ತು ಸಂಜೆ ನಾಲ್ಕಕ್ಕೆ ಇಲ್ಲೇ ಹರಾಜು ಹಾಕುತ್ತೇನೆ, ಉಳಿದ ಹಣಕ್ಕೆ ಈಗ ತಪ್ಪೊಪ್ಪಿಕೊಂಡವರ ಮನೆಯಲ್ಲಿರುವ ಸಾಮಾನು ಎಂದು ಅದೇ ತಣ್ಣನೆಯ ದನಿಯಲ್ಲಿ ಹೇಳಿ ಗೋಡೆಗೆ ನೋಟೀಸು ಅಂಟಿಸಿದರು. ಗೋಂದು ಅವರ ಚೀಲದಲ್ಲೇ ಇತ್ತು.

ಆಗ ಜನರ ಮುಖ ನೋಡಬೇಕಿತ್ತು. ಪಿಲೊನ ದುಡ್ಡು ಎರಡು ವರ್ಷದಿಂದ ಬಾಕಿ ಇದ್ದಾಗ ಅದು ಪಾರೆ ಪಾರೆಗಳ ನಡುವಿನ ಮಾತಾಗಿತ್ತು. ಭಾನುವಾರದ ಊಟ ಹರಾಜಾಗುತ್ತದೆ ಎಂದಾಗ ಎಲ್ಲರ ಮಾತಾಯಿತು. ಹಬ್ಬದ ದಿನ ಯಜಮಾನನ ಮನೆಯ ಒಲೆ ತಣ್ಣಗಿದ್ದರೆ ಪಕ್ಕದ ಬರಂಗಾಯಿನವರು ಇಪ್ಪತ್ತು ವರ್ಷ ಹೇಳಿಕೊಂಡು ನಗುತ್ತಾರೆ. ದರ್ಜಿಯ ದುಡ್ಡು ಯಾಕೆ ಕೊಡಲಿಲ್ಲ ಎಂದು ಮೀನುಗಾರರ ಅಧ್ಯಕ್ಷ ಕೇಳಿದ. ಆ ಜೆರ್ಸಿ ಹಾಕಿಕೊಂಡೇ ಕೇಳಿದ. ಕ್ಯಾಪ್ಟನ್ ಓಫೆಲಿಯಾ ನ್ಯಾಯದ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದರು, ಮೂರು ರಾಜಿ ಸಭೆಗಳಲ್ಲಿ ಅದರ ಒಂದು ಸಾಲೂ ಬಂದಿರಲಿಲ್ಲ.

ಸೆಲ್ಯಾ ಗಂಡನನ್ನು ನೋಡಿ ಹೇಳಿದ್ದು ಒಂದೇ ಮಾತು: "ನಾನು ಭಾನುವಾರ ಬಾಗಿಲಲ್ಲಿ ನಿಂತು ಜನರಿಗೆ ಯಾವ ಬಾಯಲ್ಲಿ 'ಬನ್ನಿ' ಅನ್ಲಿ?"

ಗೋರ್ಯೊ ಹೊರಗೆ ಹೋದ. ಹತ್ತು ನಿಮಿಷದ ಮೇಲೆ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಶೆರಿಫರ ಮುಂದೆ ಇಟ್ಟ. ಹಬ್ಬದ ವಾದ್ಯದವರಿಗೆ, ಪಟಾಕಿಗೆ ಎಂದು ವರ್ಷವಿಡೀ ಕೂಡಿಟ್ಟ ದುಡ್ಡು. ಕೋರ್ಟಿಗೆ ಇಲ್ಲದ ಮೂವತ್ತೆಂಟು ಸಾವಿರ ಹಬ್ಬಕ್ಕೆ ಇತ್ತು. ಶೆರಿಫರು ಎಣಿಸಿದರು, ಪಿಲೊನ ಕೈಗೆ ಕೊಟ್ಟರು, ರುಜು ಹಾಕಿಸಿಕೊಂಡರು, ಗೋಡೆಯ ನೋಟೀಸು ಹರಿಯದಂತೆ ಬಿಡಿಸಿ ಚೀಲಕ್ಕೆ ಹಾಕಿಕೊಂಡರು. ಪಿಲೊ ಅವರ ಎರಡೂ ಕೈ ಹಿಡಿದುಕೊಂಡು ಅತ್ತ. ನಾನೂ ಸ್ವಲ್ಪ ಅತ್ತೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಕಕ್ಷಿದಾರರ ಕಣ್ಣೀರು ತೆಗೆದುಕೊಳ್ಳಬಾರದೆಂದು ಕಾನೂನಿನಲ್ಲಿ ಇಲ್ಲವಂತೆ.

ಕರೆಂಟು ಬರುವ ತನಕ ಯಾರೂ ಕಾಯಲಿಲ್ಲ. ಹತ್ತು ಮನೆಗಳ ಹೆಂಗಸರು ದೊಡ್ಡ ಬಾಣಲೆಗಳನ್ನು ತಂದು ಬೀದಿಯಲ್ಲೇ ಒಲೆ ಹೂಡಿ, ವಿನೆಗರ್, ಬೆಳ್ಳುಳ್ಳಿ, ಮೆಣಸು ಹಾಕಿ ಅಷ್ಟೂ ಮಾಂಸವನ್ನು ಅದೋಬೊ ಮಾಡಿಬಿಟ್ಟರು. ದಿನಕ್ಕೊಮ್ಮೆ ಕುದಿಸಿದರೆ ವಾರ ಇಟ್ಟರೂ ಅದು ಕೆಡುವುದಿಲ್ಲ. ಪೂರಿಂಗ್ ಮತ್ತು ಸೆಲ್ಯಾ ಒಂದೇ ಬಾಣಲೆಯನ್ನು ಎರಡು ಕಡೆಯಿಂದ ತಿರುವುತ್ತಿದ್ದರು. ಅವರಿಬ್ಬರ ನಡುವೆ ಏನು ಮಾತಾಯಿತೋ ನಾನು ಕೇಳಲಿಲ್ಲ, ಈ ಸಲ ನಿಜವಾಗಿಯೂ ಕೇಳಲಿಲ್ಲ.

ಶುಕ್ರವಾರ ಅಡವಿನಂಗಡಿ ಬಾಗಿಲು ತೆಗೆಯುವ ಮೊದಲೇ ನಾವಿಬ್ಬರೂ ಮೆಟ್ಟಿಲ ಮೇಲೆ ಇದ್ದೆವು. ಓವರ್‌ಲಾಕ್ ಯಂತ್ರವನ್ನು ಪಿಲೊ ದಾರಿಯುದ್ದಕ್ಕೂ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ರಸ್ತೆಯ ಪ್ರತಿ ಗುಂಡಿಗೂ ನನ್ನನ್ನು ಬೈದ. ಮನೆಗೆ ಬಂದು ಎಣ್ಣೆಯ ಕಲೆಯ ಮೇಲೆ ಅದನ್ನು ಕೂರಿಸಿ ಪೆಡಲ್ ಒತ್ತಿದ. ಆ ಸದ್ದು ಬೀದಿಗೆ ಎರಡು ವರ್ಷದ ಮೇಲೆ ಕೇಳಿಸಿತ್ತು. ಮಧ್ಯಾಹ್ನದೊಳಗೆ ಹನ್ನೊಂದು ಜನ ತಾಯಂದಿರು ಸಮವಸ್ತ್ರದ ಬಟ್ಟೆ ತಂದು ಸಾಲಾಗಿ ನಿಂತರು.

ಸಂಜೆ ಗೋರ್ಯೊ ಬಂದ. ಕಂಕುಳಲ್ಲಿ ಬಿಳಿ ಬಟ್ಟೆಯ ಕಟ್ಟು. ಸಾಲಿನಲ್ಲಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹಬ್ಬದ ಯಜಮಾನ ಭಾನುವಾರ ಮೆರವಣಿಗೆಯ ಮುಂದೆ ಹೊಸ ಅಂಗಿ ತೊಟ್ಟು ನಡೆಯಬೇಕು, ಎರಡು ದಿನದಲ್ಲಿ ಹೊಲಿದು ಕೊಡುವವನು ಪಿಲೊ ಒಬ್ಬನೇ.

"ಪಾರೆ, ಒಂದು ಅಂಗಿ ಆಗ್ಬೇಕಿತ್ತು. ದುಡ್ಡು..." ಎಂದು ಗೋರ್ಯೊ ಶುರು ಮಾಡಿದ.

ನನ್ನ ತಂಗಿ ಅಡುಗೆಮನೆಯ ಬಾಗಿಲಿಗೆ ಬಂದಳು. ಪಿಲೊ ಜೀವಮಾನದಲ್ಲಿ ಯಾರ ಹತ್ತಿರವೂ ದುಡ್ಡು ಮುಂಗಡ ಕೇಳಿದವನಲ್ಲ. ಅವನು ಪೆಡಲಿನಿಂದ ಕಾಲು ತೆಗೆದು, ಕನ್ನಡಕ ಏರಿಸಿಕೊಂಡು, ಅಂಗೈ ಚಾಚಿದ.

"ಈಗ್ಲೇ ಕೊಡು ಪಾರೆ. ಎಂಟುನೂರು."

ಗೋರ್ಯೊ ಸುತ್ತ ನೋಡಿದ. ಹನ್ನೊಂದು ಜನ ತಾಯಂದಿರೂ ಅವನನ್ನೇ ನೋಡುತ್ತಿದ್ದರು. ಜೇಬಿಗೆ ಕೈ ಹಾಕಿ ಎಂಟು ನೋಟು ತೆಗೆದು ಪಿಲೊನ ಅಂಗೈಯಲ್ಲಿ ಇಟ್ಟ. ಪಿಲೊ ಎಣಿಸಿ ಜೇಬಿಗೆ ಹಾಕಿಕೊಂಡು, ಕುತ್ತಿಗೆಯ ಟೇಪು ತೆಗೆದು ಪಾರೆಯ ಸೊಂಟ ಸುತ್ತಿ, ಹಳೆಯ ಅಳತೆ ಪುಸ್ತಕ ತೆರೆದು ನೋಡಿ, ಸಾಲಿನ ಕೊನೆಯವರಿಗೂ ಕೇಳಿಸುವ ಹಾಗೆ ಹೇಳಿದ:

"ಎರಡಿಂಚು ಇಳಿದಿದೀಯ ಪಾರೆ. ಸಾಲ ತೀರಿದ ಮೇಲೆ ಮೈ ಹಗುರ ಆಗುತ್ತೆ ನೋಡು."